ಮೂಗುದಾರವಿಲ್ಲದ ಓಟ



ಮಕ್ಕಳ ಸಾಹಿತ್ಯಕ್ಕೆ ಮೀಸಲಾದ ದತ್ತಿ ಉಪನ್ಯಾಸ ಇದು. ಯಾವ ವಿಷಯ ಮಾತಾಡುತ್ತೀರಿ ಎಂದು ಕಾರ್ಯದರ್ಶಿಗಳು ಫೋನಿನಲ್ಲಿ ಕೇಳಿದಾಗ "ಅಲಾಸ್ಕಾದ ನಾಯಿಗಾಡಿ ಓಟ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸಾರ್, ಆಹ್ವಾನ ಪತ್ರಿಕೆಯಲ್ಲಿ 'ಮಕ್ಕಳ ಸಾಹಿತ್ಯ: ಕೆಲವು ಚಿಂತನೆಗಳು' ಅಂತ ಹಾಕಿಸಲಾ?" ಎಂದರು. ಹಾಗೆಯೇ ಹಾಕಿಸಿದ್ದಾರೆ. ಚಿಂತನೆ ಕೇಳಲು ಬಂದವರು ದಯವಿಟ್ಟು ನಾಯಿಗಳನ್ನು ಸಹಿಸಿಕೊಳ್ಳಬೇಕು.

ವಿಷಯ ನಾನು ಹುಡುಕಿಕೊಂಡದ್ದಲ್ಲ, ಒಬ್ಬ ಹುಡುಗ ಕೊಟ್ಟದ್ದು. ನಿವೃತ್ತಿಗೆ ಎರಡು ಮೂರು ವರ್ಷ ಇರುವಾಗ ಆರನೇ ತರಗತಿಗೆ ಒಂದು ಚಿತ್ರ ತೋರಿಸಿದ್ದೆ. ಬಿಳಿ ಬಯಲು, ಜೋಡಿ ಜೋಡಿಯಾಗಿ ಓಡುವ ನಾಯಿಗಳು, ಹಿಂದೆ ಚಕ್ರವಿಲ್ಲದ ಗಾಡಿ, ಗಾಡಿಯ ಬೆನ್ನಿಗೆ ನಿಂತ ಮನುಷ್ಯ. ಎಲ್ಲರೂ ನಾಯಿ ಎಣಿಸುತ್ತಿದ್ದರು. ಕೊನೆಯ ಬೆಂಚಿನ ಒಬ್ಬ, ಮನೆಯಲ್ಲಿ ಎತ್ತಿನ ಗಾಡಿ ಇದ್ದವನು, ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದ: "ಸಾರ್, ಇವನ ಕೈಲಿ ಹಗ್ಗಾನೇ ಇಲ್ವಲ್ಲ. ಎಡಕ್ಕೆ ಬಲಕ್ಕೆ ಹೆಂಗೆ ತಿರುಗಿಸ್ತಾನೆ?"

ನಾಯಿಗಾಡಿಯ ಕಥೆಗಳನ್ನು ಅಷ್ಟು ಹೊತ್ತಿಗೆ ನಾನು ಬೇಕಾದಷ್ಟು ಓದಿದ್ದೆ. ಹಗ್ಗ ಇಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಎತ್ತಿಗೆ ಮೂಗುದಾರ ಇದೆ, ಕುದುರೆಗೆ ಲಗಾಮು ಇದೆ. ಈ ನಾಯಿಗಳಿಗೆ ಎರಡೂ ಇಲ್ಲ. ಗಾಡಿಯಿಂದ ಒಂದು ಉದ್ದನೆಯ ನಡುಹಗ್ಗ ಹೊರಟು, ಅದರ ಎರಡು ಬದಿಗೆ ನಾಯಿಗಳನ್ನು ಕಟ್ಟಿರುತ್ತಾರೆ. ಆ ಹಗ್ಗ ಎಳೆಯುವುದಕ್ಕೆ ಮಾತ್ರ, ತಿರುಗಿಸುವುದಕ್ಕಲ್ಲ. ಎಲ್ಲಕ್ಕಿಂತ ಮುಂದೆ ಇರುವುದು ಮುಂದಾಳು ನಾಯಿ. ಗಾಡಿಗೆ ತಾಗಿದಂತೆ ಇರುವವು ಗಟ್ಟಿಮುಟ್ಟಾದವು, ತಿರುವಿನಲ್ಲಿ ಭಾರ ಬೀಳುವುದು ಅವುಗಳ ಮೇಲೆ. ಮನುಷ್ಯ ನಿಂತಿರುವುದು ಕಟ್ಟಕಡೆಯಲ್ಲಿ, ಎರಡು ಪಟ್ಟಿಗಳ ಮೇಲೆ. ಗಾಡಿ ತಡೆಯಲು ಕಾಲ ಕೆಳಗೆ ಬ್ರೇಕ್ ಇದೆ, ನಿಲ್ಲಿಸಿ ಕಟ್ಟಲು ಹಿಮಕ್ಕೆ ನಾಟುವ ಕಬ್ಬಿಣದ ಕೊಕ್ಕೆ ಇದೆ. ತಿರುಗಿಸಲು ಗಂಟಲು ಬಿಟ್ಟರೆ ಏನೂ ಇಲ್ಲ. 'ಜೀ' ಎಂದರೆ ಬಲಕ್ಕೆ, 'ಹಾ' ಎಂದರೆ ಎಡಕ್ಕೆ. ಈ ಎರಡು ಮಾತು ನಾಯಿಗಳಿಗಾಗಿ ಹುಟ್ಟಿದ್ದೂ ಅಲ್ಲ. ಇಂಗ್ಲಿಷ್ ಮಾತಾಡುವ ರೈತರು ನೇಗಿಲಿನ ಎತ್ತು ಕುದುರೆಗಳಿಗೆ ಕೂಗುತ್ತಿದ್ದ ಮಾತುಗಳು ಹಿಮದ ಮೇಲಕ್ಕೆ ಹೋಗಿವೆ. ಇದನ್ನು ಹೇಳಿದಾಗ ಆ ಹುಡುಗನಿಗೆ ಆದ ಸಮಾಧಾನ ನೋಡಬೇಕಿತ್ತು. ಹೊಲದವರ ಮಾತೇ ತಾನೆ, ಇನ್ನು ಭಯವಿಲ್ಲ ಎಂಬಂತೆ.

ಇವತ್ತು ನಾನು ಹೇಳುವುದು ಇಷ್ಟೇ. ಈ ಓಟದ ಕಥೆಗಳನ್ನು ನಾವು ಮಕ್ಕಳಿಗೆ ಸಾಹಸದ ಕಥೆ, ಸ್ವಾಮಿಭಕ್ತಿಯ ಕಥೆ ಎಂದು ಓದಿಸುತ್ತೇವೆ. ಆದರೆ ಹಗ್ಗವಿಲ್ಲದ ಗಾಡಿಯಲ್ಲಿ ನಾಯಿಗೆ 'ಒಲ್ಲೆ' ಎನ್ನುವ ದಾರಿ ಯಾವಾಗಲೂ ತೆರೆದಿರುತ್ತದೆ. ಒಳ್ಳೆಯ ಪುಸ್ತಕಗಳು ಆ 'ಒಲ್ಲೆ'ಯ ಸುತ್ತ ಹುಟ್ಟಿವೆ. ಮಕ್ಕಳನ್ನು ನಾವು ಕರೆದೊಯ್ಯಬೇಕಾದ್ದು ಅಲ್ಲಿಗೆ.

ಮೊದಲು ಓಟದ ವಿಷಯ. ಈ ಬಗೆಯ ಓಟಗಳಲ್ಲಿ ಹೆಸರಾದದ್ದು ಅಲಾಸ್ಕಾದ ಐಡಿಟರಾಡ್. 1973ರಲ್ಲಿ ಆಂಕರೇಜಿನಿಂದ ಹೊರಟು ಬೇರಿಂಗ್ ಸಮುದ್ರದ ದಂಡೆಯ ನೋಮ್ ಪಟ್ಟಣದವರೆಗೆ ಮೊದಲ ಬಾರಿ ನಡೆಯಿತು. ಸುಮಾರು 1,000 ಮೈಲಿ, ನಮ್ಮ ಲೆಕ್ಕದಲ್ಲಿ 1,600 ಕಿಲೋಮೀಟರ್. ನಡುವೆ ಅಲಾಸ್ಕಾ ಪರ್ವತ ಸಾಲು, ಹೆಪ್ಪುಗಟ್ಟಿದ ಯೂಕಾನ್ ನದಿ, ಕೊನೆಗೆ ಹೆಪ್ಪುಗಟ್ಟಿದ ಕಡಲಿನ ಅಂಚು. ಮೊದಲ ವರ್ಷ ಗೆದ್ದ ಡಿಕ್ ವಿಲ್ಮಾರ್ತ್‌ಗೆ 20 ದಿನ ಹಿಡಿಯಿತು, ಕೊನೆಗೆ ಬಂದವರಿಗೆ 32 ದಿನ. ಈಗ ಗೆಲ್ಲುವವರು ಸಾಮಾನ್ಯವಾಗಿ ಒಂಬತ್ತು ಹತ್ತು ದಿನಗಳಲ್ಲಿ ಮುಗಿಸುತ್ತಾರೆ. ಕೊನೆಯವರು ಬರುವವರೆಗೂ ನೋಮ್‌ನಲ್ಲಿ ಒಂದು ಲಾಂದ್ರ ಉರಿಯುತ್ತಲೇ ಇರುತ್ತದೆ, ಕೊನೆಗೆ ಬಂದವರಿಗೆ ಕೆಂಪು ಲಾಂದ್ರದ ಬಹುಮಾನವೂ ಉಂಟು. ನಮ್ಮ ಕ್ರೀಡಾಕೂಟಗಳಲ್ಲಿ ಮೂರನೆಯವನು ಗೆರೆ ದಾಟುತ್ತಲೇ ಹಗ್ಗ ಸುತ್ತಿಡುವ ನಾವು ಇದನ್ನು ಸ್ವಲ್ಪ ಗಮನಿಸಬಹುದು.

ಓಟ ಯಾಕೆ ಹುಟ್ಟಿತು ಎಂಬುದು ಮಕ್ಕಳಿಗೆ ಇನ್ನೂ ಬೇಗ ಅರ್ಥವಾಗುತ್ತದೆ. 1960ರ ದಶಕದಲ್ಲಿ ಹಿಮದ ಮೇಲೆ ಓಡುವ ಮೋಟಾರು ಗಾಡಿಗಳು ಅಲಾಸ್ಕಾದ ಹಳ್ಳಿಗಳಿಗೆ ಬಂದವು. ಮನೆಯ ಹಿಂದೆ ಕಟ್ಟಿದ್ದ ನಾಯಿಗಳು ಒಂದೊಂದಾಗಿ ಮಾಯವಾದವು. ಡೊರೊತಿ ಪೇಜ್ ಎಂಬ ಹೆಂಗಸು ಮತ್ತು ಜೋ ರೆಡಿಂಗ್ಟನ್ ಎಂಬ ನಾಯಿಗಾಡಿಯವನು ಸೇರಿ 1967ರಲ್ಲಿ ಒಂದು ಚಿಕ್ಕ ಓಟ ನಡೆಸಿದರು, ಆರು ವರ್ಷದ ಮೇಲೆ ಅದೇ ದೊಡ್ಡ ಓಟವಾಯಿತು. ಟ್ರ್ಯಾಕ್ಟರು ಬಂದ ಮೇಲೆ ನಮ್ಮ ಕೊಟ್ಟಿಗೆಗಳು ಏನಾದವು ಎಂದು ನಾನು ವಿವರಿಸಬೇಕಾಗಿಲ್ಲ. ಇನ್ನು ಹತ್ತು ವರ್ಷಕ್ಕೆ ಮೂಗುದಾರ ಎಂಬ ಪದಕ್ಕೂ ಟಿಪ್ಪಣಿ ಬರೆಯಬೇಕಾದೀತು.

ಪದಗಳ ಮಾತು ಬಂತು, ಹೇಳಿಬಿಡುತ್ತೇನೆ. ಆ ಗಾಡಿಗೆ ಕನ್ನಡದಲ್ಲಿ ಏನೆನ್ನೋಣ? 'ಜಾರುಬಂಡಿ' ಎಂದು ಒಮ್ಮೆ ಅನುವಾದಿಸಿ ಹೇಳಿದೆ. ಮಕ್ಕಳು ಪಾರ್ಕಿನ ಜಾರುಬಂಡಿಯ ಮೇಲೆ ನಾಯಿಗಳು ಸಾಲಾಗಿ ಜಾರುವುದನ್ನು ಕಲ್ಪಿಸಿಕೊಂಡು ಇಡೀ ಪೀರಿಯಡ್ ನಕ್ಕರು. ಅಂದಿನಿಂದ 'ನಾಯಿಗಾಡಿ' ಎನ್ನುತ್ತೇನೆ. ಹಿಮದ ಪಾಡೂ ಅಷ್ಟೇ. ಮುಂಜಾನೆ ಕವಿಯುವುದೂ ಮಂಜು, ಆಕಾಶದಿಂದ ಉದುರುವುದೂ ಮಂಜು, ಕಬ್ಬಿನ ಹಾಲಿಗೆ ಹಾಕುವುದು ಮಂಜುಗಡ್ಡೆ. ತೆಳುವಾದ ಮಂಜುಗಡ್ಡೆಯ ಕೆಳಗೆ ನೀರು ಹರಿಯುತ್ತಿರುತ್ತದೆ ಎಂಬುದನ್ನು ತಿಳಿಸಲು ಹಾಲು ಕಾಯಿಸಿದ ಪಾತ್ರೆಯ ಕೆನೆ ತೋರಿಸಬೇಕಾಯಿತು. ಅದು ಚೆನ್ನಾಗಿ ನಾಟಿತು. 2016ರಲ್ಲಿ ಆಂಕರೇಜಿನ ಬೀದಿಗೆ ಹಾಸಲು ಫೇರ್‌ಬ್ಯಾಂಕ್ಸ್‌ನಿಂದ ರೈಲಿನಲ್ಲಿ ಹಿಮ ತಂದಿದ್ದರು ಎಂದಾಗ ಮಾತ್ರ ಯಾರೂ ನಂಬಲಿಲ್ಲ. ಮೇಷ್ಟ್ರು ಬುರುಡೆ ಬಿಡುತ್ತಿದ್ದಾರೆ ಎಂದುಕೊಂಡರು.

ಕೆನೆಯಂಥ ಆ ತೆಳು ಪದರದ ಮೇಲೆಯೇ ಈ ಸಾಹಿತ್ಯದ ಮೊದಲ ದೊಡ್ಡ 'ಒಲ್ಲೆ' ನಿಂತಿದೆ. ಜಾಕ್ ಲಂಡನ್ 1897ರಲ್ಲಿ ಚಿನ್ನದ ಆಸೆಯಿಂದ ಕ್ಲೊಂಡೈಕ್‌ಗೆ ಹೋದವನು. ಚಿನ್ನ ಸಿಗಲಿಲ್ಲ, ಕಥೆ ಸಿಕ್ಕಿತು. 1903ರಲ್ಲಿ ಬಂದ 'ದಿ ಕಾಲ್ ಆಫ್ ದಿ ವೈಲ್ಡ್' ಓಟದ ಕಥೆಯಲ್ಲ, ಟಪಾಲು ಮತ್ತು ಸಾಮಾನು ಸಾಗಿಸುವ ನಾಯಿಗಳ ಕಥೆ. ಅದರಲ್ಲಿ ದೊಣ್ಣೆ ಇದೆ, ಚಾವಟಿ ಇದೆ, ರಕ್ತ ಇದೆ. ಪೂರ್ತಿ ಪುಸ್ತಕವನ್ನು ಆರನೇ ತರಗತಿಗೆ ಕೊಡಿ ಎಂದು ನಾನು ಹೇಳುವುದಿಲ್ಲ. ಆದರೆ ನಡುವೆ ಒಂದು ಭಾಗ ಇದೆ. ಹ್ಯಾಲ್, ಚಾರ್ಲ್ಸ್, ಮರ್ಸಿಡಿಸ್ ಎಂಬ ಮೂವರು ಪಟ್ಟಣದವರು ಹದಿನಾಲ್ಕು ನಾಯಿ ಕಟ್ಟಿಕೊಂಡು ಹೊರಡುತ್ತಾರೆ. ಹೆಚ್ಚು ನಾಯಿ, ಹೆಚ್ಚು ವೇಗ ಎಂಬುದು ಅವರ ಲೆಕ್ಕ. ಹದಿನಾಲ್ಕು ನಾಯಿಗಳಿಗೆ ಬೇಕಾದ ಮೇವನ್ನು ಒಂದು ಗಾಡಿ ಹೊರಲಾರದು ಎಂಬ ಲೆಕ್ಕ ಅವರಿಗೆ ಹೊಳೆಯುವುದಿಲ್ಲ. ಹಸಿವು, ಹೊಡೆತ, ಸಾವು. ಉಳಿಯುವುದು ಐದು ನಾಯಿ. ಜಾನ್ ಥಾರ್ನ್‌ಟನ್‌ನ ಬಿಡಾರದ ಹತ್ತಿರ ಬಕ್ ಎಂಬ ನಾಯಿ ಮಲಗಿದ್ದು ಏಳುವುದೇ ಇಲ್ಲ. ಹೊಡೆದರೂ ಏಳುವುದಿಲ್ಲ. ವಸಂತ ಬಂದು ನದಿಯ ಹೆಪ್ಪು ಅಡಿಯಿಂದ ಕರಗುತ್ತಿದೆ, ಅದರ ಪಾದಗಳಿಗೆ ಅದು ಗೊತ್ತಿದೆ. ಥಾರ್ನ್‌ಟನ್ ನಡುವೆ ಬಂದು ಅದರ ಕಟ್ಟು ಕತ್ತರಿಸುತ್ತಾನೆ. ಉಳಿದವರು ಮುಂದೆ ಹೋಗುತ್ತಾರೆ. ಸ್ವಲ್ಪ ದೂರದಲ್ಲಿ ಗಾಡಿ, ನಾಯಿ, ಮನುಷ್ಯರು ಎಲ್ಲ ಸೇರಿ ನದಿಯೊಳಗೆ ಇಳಿದುಹೋಗುತ್ತಾರೆ.

ಈ ಭಾಗವನ್ನು ಕಥೆಯಾಗಿ ಹೇಳಿ, ಬಕ್ ಹಠಮಾರಿಯೇ ಎಂದು ಕೇಳಿ. ತರಗತಿ ಎರಡಾಗುತ್ತದೆ. ಗಣಿತದ ಮೇಷ್ಟ್ರಿಗೂ ಇಲ್ಲಿ ಜಾಗ ಇದೆ. ಇಂದಿನ ಐಡಿಟರಾಡಿನಲ್ಲೂ ಒಬ್ಬರು ಹದಿನಾಲ್ಕು ನಾಯಿಗಳನ್ನು ಕಟ್ಟಬಹುದು. ಹಾಗಾದರೆ ಹ್ಯಾಲ್‌ಗೆ ಆಗದ್ದು ಇವರಿಗೆ ಹೇಗೆ ಆಗುತ್ತದೆ? ಓಡುವ ನಾಯಿ ದಿನಕ್ಕೆ ಸುಮಾರು 10,000 ಕ್ಯಾಲೊರಿ ತಿನ್ನುತ್ತದೆ. ಆ ಮೇವನ್ನು ಓಟಕ್ಕೆ ಮುಂಚೆಯೇ ಚಿಕ್ಕ ವಿಮಾನಗಳಲ್ಲಿ ದಾರಿಯ ಠಾಣೆಗಳಿಗೆ ಸಾಗಿಸಿರುತ್ತಾರೆ. ಕಾಲಿಗೆ ಬಟ್ಟೆಯ ಚೀಲ ತೊಡಿಸುತ್ತಾರೆ, ಹದಿನಾಲ್ಕು ನಾಯಿಗೆ ಒಂದು ಸಲಕ್ಕೆ 56. ಒಂದು ಚೀಲ ತೊಡಿಸಲು ಹತ್ತು ಸೆಕೆಂಡ್ ಎಂದು ಇಟ್ಟುಕೊಂಡರೂ ಕೊರೆಯುವ ಚಳಿಯಲ್ಲಿ ಬರಿಗೈಯಲ್ಲಿ ಎಷ್ಟು ಹೊತ್ತು? ಅಮೆರಿಕದ ಶಾಲೆಗಳಲ್ಲಿ ಈ ಓಟವನ್ನು ಹಿಡಿದುಕೊಂಡು ಭೂಪಟ, ಗಣಿತ, ಹವಾಮಾನ ಕಲಿಸುವುದು ಬಹಳ ವರ್ಷದಿಂದ ನಡೆದಿದೆ. ಪ್ರತಿ ವರ್ಷ ಒಬ್ಬ ಶಿಕ್ಷಕರನ್ನು ಆರಿಸಿ ಓಟದ ದಾರಿಗೇ ಕಳಿಸುವ ಏರ್ಪಾಡನ್ನೂ ಐಡಿಟರಾಡಿನವರು ಮಾಡಿಕೊಂಡು ಬಂದಿದ್ದಾರೆ. ಅದರ ಬಗ್ಗೆ ನನಗೆ ಅಸೂಯೆ ಇದೆ, ತಕರಾರಿಲ್ಲ.

ತಕರಾರು ಇರುವುದು ಆ ಶಾಲೆಗಳಲ್ಲಿ ಬಹಳ ಪ್ರೀತಿಯಿಂದ ಓದಿಸುವ ಒಂದು ಪುಸ್ತಕದ ಬಗ್ಗೆ. ಜಾನ್ ರೆನಾಲ್ಡ್ಸ್ ಗಾರ್ಡಿನರ್ 1980ರಲ್ಲಿ ಬರೆದ 'ಸ್ಟೋನ್ ಫಾಕ್ಸ್'. ವಯೋಮಿಂಗ್‌ನ ಆಲೂಗಡ್ಡೆ ಹೊಲ, ಹಾಸಿಗೆ ಹಿಡಿದ ತಾತ, ಹತ್ತು ವರ್ಷದ ವಿಲ್ಲಿ. ಕಟ್ಟಬೇಕಾದ ತೆರಿಗೆ 500 ಡಾಲರ್, ಹತ್ತು ಮೈಲಿ ಓಟದ ಬಹುಮಾನವೂ 500 ಡಾಲರ್. ಎದುರಾಳಿ ಸ್ಟೋನ್ ಫಾಕ್ಸ್ ಎಂಬ ಶೊಶೋನಿ ಮೂಲನಿವಾಸಿ, ಗೆದ್ದ ಹಣದಿಂದ ತನ್ನವರಿಗೆ ನೆಲ ಕೊಡಿಸುವವನು. ಗೆರೆ ಇನ್ನೇನು ಬಂತು ಎನ್ನುವಾಗ ವಿಲ್ಲಿಯ ನಾಯಿ ಸರ್ಚ್‌ಲೈಟ್ ಎದೆಯೊಡೆದು ಸಾಯುತ್ತದೆ. ಸ್ಟೋನ್ ಫಾಕ್ಸ್ ಬಂದೂಕು ಹಿಡಿದು ಮಿಕ್ಕವರನ್ನು ತಡೆಯುತ್ತಾನೆ, ಹುಡುಗ ಸತ್ತ ನಾಯಿಯನ್ನು ಎತ್ತಿಕೊಂಡು ಗೆರೆ ದಾಟುತ್ತಾನೆ.

ಇದನ್ನು ಹೇಳಿದ ದಿನ ತರಗತಿ ಅತ್ತಿತು. ನನಗೂ ಗಂಟಲು ಕಟ್ಟಿತು, ಸುಳ್ಳೇಕೆ ಹೇಳಲಿ. ಆದರೆ ಮನೆಗೆ ಹೋಗುವಾಗ ಒಂದು ಹುಡುಗಿ ಸೈಕಲ್ ನಿಲ್ಲಿಸಿಕೊಂಡು, "ಸಾರ್, ಅದು ಯಾಕೆ ನಿಲ್ಲಲಿಲ್ಲ?" ಎಂದಳು. ಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲ. ಆ ಕಥೆಗೆ ನಾಯಿ ನಿಲ್ಲುವುದು ಬೇಕಿರಲಿಲ್ಲ, ಸಾಯುವುದು ಬೇಕಿತ್ತು. 'ಸತ್ಯವೇ ನಮ್ಮ ತಾಯಿ ತಂದೆ' ಎಂದ ಹಸುವನ್ನು ಹಾಡಿಕೊಂಡು ಬೆಳೆದವರು ನಾವು. ತ್ಯಾಗದ ಪ್ರಾಣಿಗೆ ನಮ್ಮಲ್ಲಿ ಮೊದಲೇ ಪೀಠ ಸಿದ್ಧವಿದೆ. ಆದರೆ ಪುಣ್ಯಕೋಟಿ ಮಾತಾಡುವ ಹಸು, ತನ್ನ ನಿರ್ಧಾರವನ್ನು ತಾನೇ ಹೇಳಿ ಹೋಗುತ್ತದೆ. ಸರ್ಚ್‌ಲೈಟ್‌ಗೆ ಮಾತಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ. ಆ ಹುಡುಗಿಯ ಪ್ರಶ್ನೆಯನ್ನು ಸೇರಿಸಿಕೊಂಡು ಓದಿಸುವುದಾದರೆ 'ಸ್ಟೋನ್ ಫಾಕ್ಸ್' ಓದಿಸಿ. ಕಣ್ಣೀರಿಗಾಗಿ ಮಾತ್ರ ಬೇಡ.

ಮಾತಾಡುವ ಪ್ರಾಣಿಯ ಬಗ್ಗೆ ನನಗೆ ಮಡಿವಂತಿಕೆ ಇಲ್ಲ. ಪಂಚತಂತ್ರದ ನರಿ ಮಾತಾಡಿದಾಗ ಅದು ಮನುಷ್ಯನೆಂದು ಎಲ್ಲರಿಗೂ ಗೊತ್ತು. ತೊಂದರೆ ಆಗುವುದು ನಿಜವಾಗಿ ಬದುಕಿದ್ದ ನಾಯಿಯ ಬಾಯಿಗೆ ನಮ್ಮ ಮಾತು ತುರುಕಿದಾಗ. ಬಾಲ್ಟೋಗೆ ಆದದ್ದು ಅದು. 1925ರ ಜನವರಿಯಲ್ಲಿ ನೋಮ್‌ನ ಮಕ್ಕಳಿಗೆ ಗಂಟಲುಮಾರಿ ಬಂತು. ಔಷಧಿ ರೈಲಿನಲ್ಲಿ ನೆನಾನಾದವರೆಗೆ ಬಂತು, ಅಲ್ಲಿಂದ ಮುಂದೆ 674 ಮೈಲಿ ನಾಯಿಗಾಡಿಯೇ ಗತಿ. ಇಪ್ಪತ್ತು ಮಂದಿ, ಸುಮಾರು 150 ನಾಯಿಗಳು, ಕೈಯಿಂದ ಕೈಗೆ ದಾಟಿಸುತ್ತ ಐದೂವರೆ ದಿನದಲ್ಲಿ, ಫೆಬ್ರವರಿ 2ರ ನಸುಕಿನಲ್ಲಿ ಅದನ್ನು ಮುಟ್ಟಿಸಿದರು. ಕೊನೆಯ ಗಾಡಿ ಗುನ್ನಾರ್ ಕಾಸೆನ್‌ನದು, ಮುಂದಾಳು ಬಾಲ್ಟೋ. ಅದೇ ವರ್ಷ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಾಲ್ಟೋಗೆ ಕಂಚಿನ ಪ್ರತಿಮೆ ನಿಂತಿತು. 1995ರ ಕಾರ್ಟೂನ್ ಸಿನಿಮಾದಲ್ಲಿ ಅದು ಅರ್ಧ ತೋಳವಾಗಿ ಮಾತಾಡತೊಡಗಿತು.

ಔಷಧಿ ಹೊತ್ತು ಅತಿ ದೂರ ಓಡಿದ್ದು ಲಿಯೊನ್‌ಹಾರ್ಡ್ ಸೆಪ್ಪಾಲನ ನಾಯಿಗಳು, 91 ಮೈಲಿ. ಎದುರುಗೊಳ್ಳಲು ಹೋದ ದಾರಿಯನ್ನೂ ಸೇರಿಸಿದರೆ 261. ಮುಂದಾಳು ಟೋಗೊ, ಹನ್ನೆರಡು ವರ್ಷದ ಮುದಿ ನಾಯಿ. ಹಾಗಾಗಿ ಈಚಿನ ಪುಸ್ತಕಗಳು, 2019ರ ಸಿನಿಮಾ, ಎಲ್ಲ ಟೋಗೊಗೆ ನ್ಯಾಯ ಕೊಡಿಸಲು ಹೊರಟಿವೆ. ಬಾಲ್ಟೋನನ್ನು ಕೆಳಗಿಳಿಸಿ ಟೋಗೊನನ್ನು ಕೂರಿಸುವುದು. ಮಕ್ಕಳಿಗೆ ಈ ಪಂಚಾಯಿತಿ ಇಷ್ಟವಾಗುತ್ತದೆ, ಪಕ್ಷ ಕಟ್ಟಿಕೊಂಡು ಕಾದಾಡುತ್ತಾರೆ. ನಾನು ಒಂದು ದಿನ ಕಪ್ಪುಹಲಗೆಯ ಮೇಲೆ ಒಂದರಿಂದ ಇಪ್ಪತ್ತರವರೆಗೆ ಅಂಕಿ ಬರೆದು, ಔಷಧಿ ಸಾಗಿಸಿದವರಲ್ಲಿ ಹೆಸರು ಗೊತ್ತಿರುವವರನ್ನು ತುಂಬಿ ಎಂದೆ. ಎರಡು ಮನೆ ತುಂಬಿತು. ಉಳಿದ ಹದಿನೆಂಟರಲ್ಲಿ ಹೆಚ್ಚಿನವರು ಅಲಾಸ್ಕಾದ ಮೂಲನಿವಾಸಿಗಳು. ಚಾರ್ಲಿ ಇವಾನ್ಸ್ ಎಂಬವನ ಮುಂದಾಳು ನಾಯಿಗಳೆರಡೂ ದಾರಿಯಲ್ಲಿ ಚಳಿಗೆ ಬಿದ್ದವು, ಅವುಗಳ ಜಾಗದಲ್ಲಿ ತಾನೇ ನಿಂತು ಗಾಡಿ ಎಳೆದ. ಎಡ್ಗರ್ ನೋಲ್ನರ್ 1999ರವರೆಗೂ ಬದುಕಿದ್ದ. ಇವರ ಚಿತ್ರವನ್ನು ನಾನು ಯಾವ ಮಕ್ಕಳ ಪುಸ್ತಕದ ಮುಖಪುಟದಲ್ಲೂ ನೋಡಿಲ್ಲ.

ನನ್ನ ಎಳೆಗೆ ಬೇಕಾದದ್ದು ಬಾಲ್ಟೋ ಓಡಿದ್ದಲ್ಲ, ನಿಂತದ್ದು. ಟಾಪ್‌ಕಾಕ್ ನದಿಯ ಹತ್ತಿರ ಅದು ಸುಮ್ಮನೆ ನಿಂತುಬಿಟ್ಟಿತು, ಕೂಗಿದರೂ ಕದಲಲಿಲ್ಲ, ನೋಡಿದರೆ ಮುಂದೆ ಹೆಪ್ಪಿನ ಮೇಲೆ ನೀರು ಬಂದಿತ್ತು ಎಂದು ಕಾಸೆನ್ ಆಮೇಲೆ ಹೇಳಿಕೊಂಡ. ಅಷ್ಟು ಹೇಳಿದರೆ ಸಾಕು, ಅದಕ್ಕೆ ಮಾತು ಕೊಡುವ ಅಗತ್ಯವಿಲ್ಲ. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಕಿವಿ ಎಂಬ ನಾಯಿ ಕೊನೆಯವರೆಗೂ ನಾಯಿಯಾಗಿಯೇ ಇರುತ್ತದೆ. ನಮಗೆ ಅದು ಮರೆಯದಿರುವುದು ಅದಕ್ಕೇ ಇರಬೇಕು.

ನಾಯಿಯನ್ನು ನಾಯಿಯಾಗಿಯೇ ಬಿಡುವ ಈ ಕಲೆ ಚೆನ್ನಾಗಿ ಗೊತ್ತಿದ್ದ ಇನ್ನೊಬ್ಬ ಲೇಖಕ ಗ್ಯಾರಿ ಪಾಲ್ಸನ್. 1983ರಲ್ಲಿ ತಾನೇ ಐಡಿಟರಾಡ್ ಓಡಿ ಮುಗಿಸಿದವನು. 1990ರ 'ವುಡ್‌ಸಾಂಗ್' ಅವನ ಆತ್ಮಕಥೆ, ಎಳೆಯ ಓದುಗರಿಗಾಗಿ ಬರೆದದ್ದು. ಒಂದೇ ಪುಸ್ತಕ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಅದರಲ್ಲಿ ಸ್ಟಾರ್ಮ್ ಎಂಬ ನಾಯಿ ಇದೆ. ಅದಕ್ಕೂ ಯಜಮಾನನಿಗೂ ನಡುವೆ ಒಂದು ಕೋಲಿನ ಆಟ. ಎಲ್ಲ ಸರಿಯಿದ್ದರೆ ಕೋಲನ್ನು ಬಾಯಲ್ಲಿ ಹಿಡಿಯುತ್ತದೆ. ಹೊರೆ ಹೆಚ್ಚಾಯಿತು ಎನಿಸಿದರೆ ಕೊಟ್ಟ ಕೋಲನ್ನು ಮುಟ್ಟುವುದಿಲ್ಲ. ಅವನದೇ ಬೇರೊಂದು ಪುಸ್ತಕದಲ್ಲಿ ಪಾಲ್ಸನ್ ಹೆಪ್ಪೊಡೆದು ನೀರಿಗೆ ಬೀಳುತ್ತಾನೆ, ಕುಕಿ ಎಂಬ ಮುಂದಾಳು ನಾಯಿ ಮಿಕ್ಕವನ್ನೆಲ್ಲ ಎಬ್ಬಿಸಿ ಎಳೆಸಿ ಅವನನ್ನು ಮೇಲಕ್ಕೆ ತರುತ್ತದೆ. ಇಲ್ಲಿ ಮನುಷ್ಯನೇ ವಿದ್ಯಾರ್ಥಿ. ತಪ್ಪು ಮಾಡುತ್ತಾನೆ, ನಾಯಿಗಳು ತಿದ್ದುತ್ತವೆ, ಕೆಲವು ಸಲ ಕಚ್ಚಿ ತಿದ್ದುತ್ತವೆ.

ಚಿಕ್ಕವರಿಗೆ ರಾಬರ್ಟ್ ಬ್ಲೇಕ್‌ನ ಚಿತ್ರಪುಸ್ತಕ 'ಅಕಿಯಾಕ್' (1997) ಸಾಕು. ಕಾಲು ನೊಂದು ಠಾಣೆಯಲ್ಲಿ ಬಿಟ್ಟುಹೋದ ಮುದಿ ಮುಂದಾಳು ತಪ್ಪಿಸಿಕೊಂಡು ತನ್ನ ತಂಡದ ಬೆನ್ನು ಹತ್ತುವ ಕಥೆ. ಅದೂ ಒಂದು ಬಗೆಯ 'ಒಲ್ಲೆ'ಯೇ. ಹೈಸ್ಕೂಲಿನವರಿಗೆ ಲಿಬ್ಬಿ ರಿಡಲ್ಸ್ ಇದ್ದಾಳೆ. 1985ರಲ್ಲಿ ಮಿಕ್ಕವರು ಬಿರುಗಾಳಿಗೆ ಹೆದರಿ ಶಾಕ್ಟೂಲಿಕ್‌ನಲ್ಲಿ ಉಳಿದಾಗ ನಾಯಿಗಳನ್ನು ಹೊರಡಿಸಿ, ಈ ಓಟ ಗೆದ್ದ ಮೊದಲ ಹೆಂಗಸಾದಳು. ಅದನ್ನು ಮಕ್ಕಳಿಗಾಗಿ ತಾನೇ ಬರೆದಿದ್ದಾಳೆ. ನನ್ನ ವಾದಕ್ಕೆ ಈ ಕಥೆ ಸ್ವಲ್ಪ ತೊಡಕು, ಗೊತ್ತು. ಅವಳ ನಾಯಿಗಳು ಗಾಳಿಗೆ ಎದುರಾಗಿ 'ಒಲ್ಲೆ' ಎನ್ನಲಿಲ್ಲ. ಎಂದಿದ್ದರೆ ಅವಳ ಹೆಸರು ಇವತ್ತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ.

ಓಟದಲ್ಲಿ ನಾಯಿಗಳು ಸಾಯುತ್ತವೆಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಸಾಯುತ್ತವೆ. 2024ರಲ್ಲಿ ಮೂರು ಸತ್ತವು. ದಾರಿಯ ಠಾಣೆಗಳಲ್ಲಿ ಪಶುವೈದ್ಯರಿದ್ದಾರೆ, ಕಡ್ಡಾಯ ವಿರಾಮಗಳಿವೆ, ಆದರೂ ಓಟವೇ ಬೇಡ ಎನ್ನುವವರು ಅಮೆರಿಕದಲ್ಲಿ ಬಹಳ ಮಂದಿ. ಕರಾವಳಿಯ ಶಾಲೆಗಳಲ್ಲಿ ಈ ಚರ್ಚೆ ಎರಡೇ ನಿಮಿಷದಲ್ಲಿ ಕಂಬಳಕ್ಕೆ ಹೋಗಿ ನಿಲ್ಲುತ್ತದೆ. ಹೋಗಲಿ ಬಿಡಿ. 2014ರ ನಿಷೇಧದಿಂದ 2023ರ ತೀರ್ಪಿನವರೆಗೆ ದೊಡ್ಡವರು ಆಡಿದ ಮಾತನ್ನು ಮಕ್ಕಳು ಆಡಿದರೆ ತಪ್ಪೇನಿಲ್ಲ. ಮೇಷ್ಟ್ರು ತೀರ್ಪು ಕೊಡಲು ಹೋಗಬಾರದು, ಅಷ್ಟೇ.

ಕೊನೆಯದಾಗಿ, ನಾನು ಕಂಡಂತೆ ಇನ್ನೂ ಯಾರೂ ಮಕ್ಕಳ ಪುಸ್ತಕ ಮಾಡದ, ಮಾಡಬೇಕು ಎಂದು ನನಗೆ ಆಸೆಯಿರುವ ಒಂದು ಘಟನೆ. 2019ರ ಐಡಿಟರಾಡ್. ನಿಕೊಲಾಸ್ ಪೆಟೀ ಎಲ್ಲರಿಗಿಂತ ಮುಂದಿದ್ದ. ಶಾಕ್ಟೂಲಿಕ್ ದಾಟಿ ಕಡಲ ಹೆಪ್ಪಿನ ಮೇಲೆ ಸಾಗುತ್ತಿದ್ದಾಗ ಒಂದು ನಾಯಿ ಇನ್ನೊಂದರ ಮೇಲೆ ಎರಗಿತು. ಪೆಟೀ ಅದಕ್ಕೆ ಗದರಿದ. ಸಿಟ್ಟಿನಲ್ಲಿ ಒಂದು ಕೂಗು, ಅಷ್ಟೇ. ಇಡೀ ತಂಡ ನಿಂತಿತು. ಗಾಯವಿರಲಿಲ್ಲ, ಹಸಿವಿರಲಿಲ್ಲ. ವಿಶ್ರಾಂತಿ ಕೊಟ್ಟ, ಮೇವು ಹಾಕಿದ, ಕರೆದ. ನಾಯಿಗಳು ಏಳಲಿಲ್ಲ. ಹಿಂದಿನವರು ಒಬ್ಬೊಬ್ಬರಾಗಿ ದಾಟಿಹೋದರು. ಕೊನೆಗೆ ಓಟ ಬಿಟ್ಟುಕೊಟ್ಟ. ಆ ವರ್ಷ ಗೆದ್ದದ್ದು ಪೀಟರ್ ಕೈಸರ್, ಯೂಪಿಕ್ ಜನಾಂಗದಿಂದ ಈ ಓಟ ಗೆದ್ದ ಮೊದಲನೆಯವನು.

ಇದನ್ನು ಆ ಆರನೇ ತರಗತಿಯ ಮಕ್ಕಳಿಗೆ ಹೇಳಿ, ಹೆಪ್ಪುಗಟ್ಟಿದ ಕಡಲ ನಡುವೆ ನಾಯಿಗಳು ಕೂತಾಗ ಆ ಮನುಷ್ಯ ಏನು ಮಾಡಿರಬೇಕು, ಹತ್ತು ವಾಕ್ಯದಲ್ಲಿ ಬರೆಯಿರಿ ಎಂದೆ. ಹತ್ತು ಅಂಕ. ಹೆಚ್ಚಿನವರು ಬಿಸ್ಕತ್ತು ಕೊಡಿಸಿದರು, ಹಾಡು ಹೇಳಿಸಿದರು, ಇಬ್ಬರು ಹೆಲಿಕಾಪ್ಟರ್ ತರಿಸಿದರು. ಹಗ್ಗ ಎಲ್ಲಿ ಎಂದು ಕೇಳಿದ್ದ ಹುಡುಗ ಎರಡೇ ಸಾಲು ಬರೆದಿದ್ದ: ಅವನೂ ಅವುಗಳ ಪಕ್ಕ ಕೂತ. ಬೇರೆ ಗಾಡಿಗಳು ಹೋಗೋದನ್ನ ಎಲ್ಲರೂ ನೋಡಿದರು.

ಹತ್ತು ವಾಕ್ಯ ಕೇಳಿದ್ದೆ, ಎರಡಿದ್ದವು. ಎಷ್ಟು ಅಂಕ ಹಾಕಬೇಕೆಂದು ತಿಳಿಯದೆ ಆ ನೋಟ್‌ಬುಕ್ಕನ್ನು ಎರಡು ದಿನ ಮನೆಯಲ್ಲೇ ಇಟ್ಟುಕೊಂಡಿದ್ದೆ. ಮೂರನೇ ದಿನ ಅವನೇ ಬಂದು, "ಸಾರ್, ನನ್ನ ಬುಕ್ಕು," ಎಂದ. ಅಂಕ ಹಾಕದೆಯೇ ಕೊಟ್ಟೆ.